ಹಸಿರು ಗುರುತು

ವಾಲ್ಪರೈಸೊದ ಗುಡ್ಡದ ಗಾಡಿ ನನ್ನ ಕೈಯಲ್ಲಿ.
ಒಂದು ಡಬ್ಬಿ ಏರಿದರೆ ಇನ್ನೊಂದು ಇಳಿಯುತ್ತದೆ,
ಒಂದೇ ಉಕ್ಕಿನ ಹಗ್ಗದ ಎರಡು ತುದಿ.
ಮಧ್ಯಾಹ್ನ ಒಂದರಿಂದ ರಾತ್ರಿ ಎಂಟೂವರೆ,
ಚಿಲ್ಲರೆ ಎಣಿಸಿ, ಚಿಲಕ ಹಾಕಿ, ಹಿಡಿಕೆ ತಳ್ಳಿ
ಹತ್ತೊಂಬತ್ತು ವರ್ಷ.
ಯಾರನ್ನೂ ಬೀಳಿಸಿಲ್ಲ.

ಹೋದ ವಾರ ಸಮುದ್ರದ ಮಂಜು ಮೇಲೆದ್ದು
ಜನವಿಲ್ಲದ ಹೊತ್ತಿನಲ್ಲಿ
ಮೊಬೈಲಿನೊಳಗೆ ಕಾವಲುಗಾರನನ್ನು ಹುಡುಕುತ್ತ ಕೂತೆ.
ಎಲಿಸೆಯೊಗೆ ಹನ್ನೆರಡು ತುಂಬಿದೆ.
ಕೋಣೆಯ ಬಾಗಿಲಿಗೆ ಹೊಸದಾಗಿ ಬೆನ್ನು ಬಂದಿದೆ.

ಒಬ್ಬ ರಾತ್ರಿ ಒಂಬತ್ತಕ್ಕೆ ಎಲ್ಲ ಮುಚ್ಚುತ್ತಾನಂತೆ.
ಇನ್ನೊಬ್ಬ, ಹುಡುಗ ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ,
ನಕ್ಷೆಯಲ್ಲಿ ಚುಕ್ಕಿ ಇಡುತ್ತಾನೆ.
ಈ ಊರು ಚುಕ್ಕಿಗೇನು ಗೊತ್ತು?
ಗುಡ್ಡದ ಮೇಲಿನ ನಮ್ಮ ಮನೆ, ನೇರ ಕೆಳಗಿನ ಹಡಗಿನವರ ಬಾರು
ನಕ್ಷೆಯಲ್ಲಿ ಎರಡೂ ಒಂದೇ ಚುಕ್ಕಿ.
ಮೂರನೆಯವನ ಮಾತೇ ಚಂದ:
ಪ್ರತಿ ಸಂದೇಶ ಓದುತ್ತೇನೆ, ಕೆಟ್ಟದ್ದಕ್ಕೆ ಕೆಂಪು,
ಒಳ್ಳೆಯದಕ್ಕೆ ಹಸಿರು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು
ತಿಂಗಳಿಗೆ ನಾಲ್ಕು ಸಾವಿರ ಪೆಸೊ.
ಮೊದಲ ವಾರ ಪುಕ್ಕಟೆ.

"ಹೇಳ್ಬೇಡ, ಸುಮ್ನೆ ಹಾಕ್ಬಿಡು," ಅಂದಳು ಯಾಸ್ನಾ,
ಬ್ರೆಡ್ಡಿನ ಸಾಲಿನಲ್ಲಿ. "ಇದೆ ಅಂತಾನೇ ಗೊತ್ತಾಗಲ್ಲ."

ಗೊತ್ತಾಗುತ್ತದೆ.
ನನ್ನ ನೋಟುಬುಕ್ಕಿನ ಹಾಳೆಯ ನಡುವೆ
ಒಂದು ಕೂದಲು ಇಟ್ಟಿರುತ್ತಿದ್ದೆ, ಹದಿಮೂರರಲ್ಲಿ.
ಒಂದು ಮಂಗಳವಾರ ಅದು ಇರಲಿಲ್ಲ.
ಅಮ್ಮ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಅಂದಿನಿಂದ ಎರಡು ನೋಟುಬುಕ್ಕು ಬರೆದೆ,
ಒಂದು ಅವಳು ಓದಲೆಂದು.

ಆದರೂ ಹಾಕಿದೆ.
ಅವನು ಮಲಗಿದ್ದ, ಬಾಯಿ ಸ್ವಲ್ಪ ತೆರೆದಿತ್ತು.
ನಿಮ್ಮ ಚಿತ್ರಗಳು ಬೇಕು, ಒಪ್ಪಿಗೆಯೇ? ಒಪ್ಪಿಗೆ.
ನಿಮ್ಮವರ ನಂಬರುಗಳು? ಒಪ್ಪಿಗೆ.
ನೀವಿರುವ ಜಾಗ, ನಿಮ್ಮ ಮೈಕು? ಒಪ್ಪಿಗೆ, ಒಪ್ಪಿಗೆ.
ಹೊಲಕ್ಕೆ ಬೀಜ ಬೀಳುವ ಮೊದಲೇ
ಬೇಲಿಗೆ ಹಸಿವು.

ಭಾನುವಾರ ವರದಿ ಬಂತು. ನಾಲ್ಕು ಕೆಂಪು.
"ಹಸಿವಿಂದ ಸತ್ತೆ" ಕೆಂಪು.
"ಇನ್ಯಾಸಿಯೊನ ಕೊಂದೇ ಬಿಡ್ತೀನಿ, ನನ್ನ ಚೆಂಡು ಒಡೆದ" ಕೆಂಪು.
ನನ್ನ ಅತ್ತೆ ಕಳಿಸಿದ ಕೋಳಿ ಸಾರಿನ ವಿಧಾನದಲ್ಲಿ
ಎದೆಯ ತುಂಡು ಎಂದಿತ್ತಂತೆ, ಅದೂ ಕೆಂಪು.
ನಾಲ್ಕನೆಯದು ನಾನೇ ಬೈದದ್ದು.
ಒಬ್ಬಳೇ ನಕ್ಕೆ. ನಗುತ್ತಲೇ
ಹಸಿರಿನ ಉದ್ದದ ಪಟ್ಟಿಯಲ್ಲಿ ಬೆರಳಾಡಿಸಿದೆ.

"ನಿನ್ನಷ್ಟು ಚೆನ್ನಾಗಿ ಈ ಆಟ ಯಾರೂ ಆಡಲ್ಲ." ಹಸಿರು.
"ಯಾವ ಶಾಲೆ, ಜಾಣಾ?" ಹಸಿರು.
"ಅಮ್ಮ ಎಷ್ಟು ಹೊತ್ತಿಗೆ ಮನೆಗೆ ಬರ್ತಾರೆ?"
ಹಸಿರು.
ಒಂದೇ ಒಂದು ಕೆಟ್ಟ ಮಾತಿಲ್ಲ.
ಪಾದ್ರಿಯೂ ಇಷ್ಟು ನಯವಾಗಿ ಮಾತಾಡಿದ್ದು ಕೇಳಿಲ್ಲ.

ಡಬ್ಬಿ ನಡುದಾರಿಯಲ್ಲಿತ್ತು.
ಕೈ ತಾನಾಗಿಯೇ ಹಿಡಿಕೆ ಎಳೆಯಿತು.
ಒಳಗಿದ್ದ ಮುದುಕನೊಬ್ಬ ಮೀನಿನ ಚೀಲ ಹಿಡಿದು
ಮಂಜಿನೊಳಗಿಂದ ಗಾಜು ಬಡಿಯುತ್ತಿದ್ದ.
ಎಷ್ಟು ಹೊತ್ತು ಬಡಿದನೋ.

ರಾತ್ರಿ, ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚುತ್ತ ಹೇಳಿದೆ.
ಎಲ್ಲವನ್ನೂ. ಕೂದಲಿನ ಕತೆ ಬಿಟ್ಟು.
"ನಂದನ್ನ ಓದ್ದ್ಯಾ?"
ಓದಿದೆ.
ಚಾಕು ತಟ್ಟೆಯ ಮೇಲೆ ಇಟ್ಟ, ಮೆಲ್ಲಗೆ,
ಗಾಜಿನದೇನೋ ಎಂಬಂತೆ. ಕಿವಿ ಕೆಂಪಾಗಿತ್ತು.
ಬಹಳ ಹೊತ್ತಿನ ಮೇಲೆ, ಗೋಡೆಗೆ ಹೇಳಿದ:
"ಐದಕ್ಕೆ ಬರ್ತಾಳೆ ಅಂದೆ.
ಅಪ್ಪ ಮನೇಲೇ ಇರ್ತಾನೆ ಅಂದೆ."

ಅಪ್ಪ ಆಂತೊಫಗಾಸ್ತದ ಗಣಿಯಲ್ಲಿದ್ದಾನೆ,
ಅವನಿಗೆ ಅಲ್ಲಿ ಇನ್ನೊಂದು ಮನೆಯಿದೆ.
ಈ ಸುಳ್ಳುಗಳನ್ನು ಯಾರು ಕಲಿಸಿದರು?
ಪಟ್ಟಿಯಲ್ಲಿ ಹುಡುಕಿದೆ.
ಅವಕ್ಕೂ ಹಸಿರೇ ಇತ್ತು.

ಬೆಳಿಗ್ಗೆ ಪೊಲೀಸರಲ್ಲಿಗೆ ಹೋಗುತ್ತೇವೆ, ಇಬ್ಬರೂ.
ಪುಕ್ಕಟೆ ವಾರ ನಾಳೆಗೆ ಮುಗಿಯುತ್ತದೆ,
ಇಡಬೇಕೋ ತೆಗೆಯಬೇಕೋ, ಕೇಳಿದರೆ
"ನಿಂಗೆ ಬಿಟ್ಟದ್ದು" ಎಂದು ಹೆಗಲು ಕುಣಿಸಿದ.
ಅವನಲ್ಲೂ ಎರಡು ನೋಟುಬುಕ್ಕು ಇದೆಯೇ, ಕೇಳಲಿಲ್ಲ.

ಮೇಲ್ವಿಚಾರಕನಿಗೆ ಬರೆದಿದ್ದೇನೆ:
ಸಂಜೆ ಐದಕ್ಕೆ ಮನೆ ಸೇರುವಂಥ ಪಾಳಿ ಕೊಡಿ.
ಸಂದೇಶ ನೋಡಿದ್ದಾನೆ.
ಉತ್ತರ ಬಂದಿಲ್ಲ.