ಎಡಗೈ ಗಂಟು

ವಿಮಾನ ಅಂದರೆ ಅದೇನು ದೊಡ್ಡದಲ್ಲ.
ಹನ್ನೆರಡು ಸೀಟು, ನಾಲ್ಕು ಮೂಟೆ ಲವಂಗ,
ಹಿಂದುಗಡೆ ರಟ್ಟಿನ ಪೆಟ್ಟಿಗೆಯಲ್ಲಿ ನೂರು ಕೋಳಿಮರಿ.
ತೆರ್ನಾತೆ ಬಿಟ್ಟು ನಲವತ್ತು ನಿಮಿಷಕ್ಕೆ
ಬಲಗಡೆಯ ಎಂಜಿನ್ನು ಕೆಮ್ಮಿತು,
ಆಮೇಲೆ ಸುಮ್ಮನಾಯಿತು.
ಬಿದ್ದ ಸದ್ದು ಮರೆತಿದ್ದೇನೆ.
ಆ ಸುಮ್ಮನಾದದ್ದು ಇನ್ನೂ ಕಿವಿಯಲ್ಲಿದೆ.

ಉಳಿದವರು ಐದು ಜನ:
ಲವಂಗದ ಹಾಜಿ ಸಾಲೆ, ಕಾಲು ಮುರಿದ ಕೋ-ಪೈಲಟ್ ಫ್ರಾನ್ಸ್,
ಮದುವೆಗೆ ಹೊರಟಿದ್ದ ಮರ್ಲಿನ್,
ಅವಳ ತಮ್ಮ ರಿಂತೊ, ಹದಿನಾಲ್ಕರ ಹುಡುಗ,
ಮೂವತ್ತು ವರ್ಷ ಹೆರಿಗೆ ಮಾಡಿಸಿದ ನಾನು, ಯೊಸೀನಾ.
ಮತ್ತೆ ಮರಿಗಳು, ನಲವತ್ತೊಂದು.
ಎಣಿಸುವುದು ನನ್ನ ಚಾಳಿ.

ದ್ವೀಪದಲ್ಲಿ ಯಾರೂ ಇರಲಿಲ್ಲ.
ಆದರೆ ಕಾಡಿನಂಚಿನ ಒಂದೊಂದು ಮರದ ಸೊಂಟಕ್ಕೂ
ಎಳೆ ತೆಂಗಿನ ಗರಿ ಸುತ್ತಿ ಗಂಟು ಹಾಕಿತ್ತು.
‘ಸಾಸಿ’ ಅಂದರು ಹಾಜಿ ಸಾಲೆ,
‘ಮುಟ್ಟಬೇಡಿ ಅಂತ ಊರು ಕಟ್ಟುವ ತಡೆ.
ಊರಿದ್ದರೆ ತಾನೆ?’
ಗರಿ ಇನ್ನೂ ಹಸಿಯಾಗಿತ್ತು.
ಹೊಕ್ಕುಳಬಳ್ಳಿ ಕಟ್ಟಿದ ಕೈಗೆ ಗಂಟಿನ ಗುಟ್ಟು ಗೊತ್ತಾಗುತ್ತದೆ:
ಎಡಚರು ಹಾಕಿದ್ದು.
ನಮ್ಮೈವರಲ್ಲಿ ಎಡಚರಿಲ್ಲ.

ರಾತ್ರಿಯೆಲ್ಲ ಕೂಗಿದೆವು, ಬಲ್ಲ ಭಾಷೆಗಳಲ್ಲೆಲ್ಲ:
ಬಾ, ಮುಖ ತೋರಿಸು, ನಾವೇನು ಕಳ್ಳರಲ್ಲ.
ಫ್ರಾನ್ಸ್ ಸಿಗ್ನಲ್ ಪಿಸ್ತೂಲನ್ನು ಕತ್ತಲಿಗೆ ಗುರಿಯಿಟ್ಟು
ಕೂತಲ್ಲೇ ತೂಕಡಿಸಿದ.
ಬೆಳಿಗ್ಗೆ ಮರಿಗಳು ಮೂವತ್ತು.

ಅವನ ಕಾಲಿಗೆ ದಬ್ಬೆ ಕಟ್ಟಲು ನಾರು ಬೇಕಿತ್ತು.
ಹತ್ತಿರದ ಮರದ್ದು ಬಿಚ್ಚಿಕೊಂಡೆ.
ಅಷ್ಟೆ. ಒಂದೇ ಒಂದು ಗರಿ.

ಮಧ್ಯಾಹ್ನ ರಿಂತೊ ನೀರಿನ ಸದ್ದು ಕೇಳಿದೆನೆಂದು
ಗಂಟಿಲ್ಲದ ಮರದ ಪಕ್ಕದಿಂದ ಒಳಹೊಕ್ಕ.
ನೆಲ ಒಮ್ಮೆ ಬಾಯಿ ತೆರೆಯಿತು.
ಹಕ್ಕಿಗಳೆಲ್ಲ ಎದ್ದವು.
ಮಣ್ಣಿನ ಜೊತೆ ಮೇಲೆ ಬಂದ ತಗಡಿನಲ್ಲಿ
ಜಪಾನಿ ಅಕ್ಷರ, ತುಕ್ಕಿನ ನಡುವೆ ಎರಡೇ ಎರಡು;
ನನ್ನಜ್ಜಿ ಗುಹೆಯಲ್ಲಿ ಅಡಗಿದ್ದ ಯುದ್ಧದ್ದು.

ಆಗ ತಿರುಗಿ ನೋಡಿದೆವು ಗಂಟುಗಳ ಸಾಲನ್ನು,
ಕಾಡು ಬಳಸಿ, ಗುಡ್ಡ ಹತ್ತಿ, ಅಲ್ಲಿಂದಾಚೆಗೂ.
ಹೆದರಿಸುತ್ತಿದ್ದಾರೆ ಅಂದುಕೊಂಡಿದ್ದೆವು.

ಮಾರನೆಯ ಬೆಳಿಗ್ಗೆ ನಾನು ಬಿಚ್ಚಿದ್ದ ಮರಕ್ಕೆ
ಹೊಸ ಗರಿ ಕಟ್ಟಿತ್ತು. ಎಡಗೈ ಗಂಟು.
ಕೆಳಗೆ ಹೆಜ್ಜೆ ಇಲ್ಲ, ಹೊಗೆ ಇಲ್ಲ, ಉಗುಳಿದ ಅಡಿಕೆಯೂ ಇಲ್ಲ.

ಹನ್ನೊಂದನೆಯ ದಿನ ಮೀನಿನ ದೋಣಿ ಬಂತು.
‘ಇದನ್ನೆಲ್ಲ ಕಟ್ಟುವುದು ಯಾರು?’ ಅಂದೆ.
ಬೆಸ್ತರು ಒಬ್ಬರನ್ನೊಬ್ಬರು ನೋಡಿಕೊಂಡರು.
ಒಬ್ಬ ಕೋಳಿಮರಿಯ ಬೆಲೆ ಕೇಳಿದ.

ಮರ್ಲಿನ್ ದೋಣಿಯಲ್ಲಿ ಬೆನ್ನು ಮಾಡಿ ಕೂತಿದ್ದಳು.
ಫ್ರಾನ್ಸನ ಕಾಲಲ್ಲಿ ಆ ಗರಿ ಒಣಗಿ ಕಂದಾಗಿತ್ತು.
ಅದು ಯಾವ ಮರದ್ದೆಂದು ಅವಳು ಕೇಳಿಲ್ಲ,
ನಾನು ಹೇಳಿಲ್ಲ.

ಹೊರಡುವ ಮುನ್ನ ಇಳಿದು ಹೋದೆ.
ವಿಮಾನದ ಮುರಿದ ಬಾಲದ ಹತ್ತಿರ, ಬರಿದಾಗಿದ್ದ ಒಂದು ಮರಕ್ಕೆ
ಗರಿ ಸುತ್ತಿ ಎಡಗೈಯಲ್ಲಿ ಗಂಟು ಹಾಕಲು ನೋಡಿದೆ.
ಬರಲಿಲ್ಲ, ಸಡಿಲಾಯಿತು.
ಬಿಗಿ ಮಾಡುವವರು ಇದ್ದಾರಲ್ಲ ಅಂದುಕೊಂಡು ದೋಣಿ ಹತ್ತಿದೆ.
ಮರಿಗಳು ಒಂಬತ್ತು.
ಜನ ನಾಲ್ಕು.