ಕೂಡ್ತದ

ಒಂದು ಪಿಸ್ಟನ್, ಒಂದು ಕಿಕ್ ಶಾಫ್ಟ್, ಎರಡು ಆಯಿಲ್ ಸೀಲ್.
ಬೀಡಿ ಪಾಕೀಟಿನ ಹಿಂದ ಬರದು ಕೊಟ್ಟಿದ್ದ ಅಣವೀರ,
ತೆಳಗ ಎರಡು ಗೆರಿ ಎಳದು:
ಒರಿಜಿನಲ್ ಇದ್ರ ಮಾತ್ರ.

ಶಹಾಬಾದ ಬಸ್ಸಿನಿಂದ ಇಳದು ಮೊದಲ್ನೇ ಅಂಗಡಿ.
ಹುಡುಗ ಚೀಟಿ ನೋಡಿ ನಕ್ಕ:
"ಇಂಡ್-ಸುಜುಕಿ? ಅಕ್ಕಾ, ನಾ ಹುಟ್ಟೋಕಿಂತ ಮೊದಲಿನ ಗಾಡಿ."
ಎರಡನೇದಾಗ ಕಂಪ್ಯೂಟರಿಗಿ ಕೇಳಿದ್ರು, ಅದಕ್ಕೂ ಗೊತ್ತಿಲ್ಲ.
ಮೂರನೇದಾಗ, ಮಾರ್ತೀರೇನು,
ಹೈದರಾಬಾದಿನವರು ಭಾಳ ರೊಕ್ಕ ಕೊಡ್ತಾರ,
ಮನಿ ಮುಂದ ನೋಡ್ಲಾಕ ಇಟಗೋತಾರ ಅಂದ್ರು.
ನೋಡ್ಲಾಕಲ್ರೀ, ಅದರ ಮ್ಯಾಲ ನಮ್ಮನಿಯವರು
ದಿನಾ ಫರ್ಸಿ ಕಲ್ಲಿನ ಖಣಿಗಿ ಹೋಗಿ ಬರ್ತಾರ.

ಹನ್ನೆರಡರ ಬಿಸಲು. ಕಲಬುರಗಿದಾಗ ನೆರಳೂ
ತಗಡಿನಂಗ ಕಾದಿರ್ತದ.
ಗಂಜಿನ ತೊಗರಿ ಧೂಳು ಸೆರಗಿನ ತುಂಬ.
ಕಡೀಕ ಯಾರೋ ಅಂದ್ರು, ಮಶಾಕಸಾಬನ ಬಲ್ಲಿ ಹೋಗ್ರಿ.

ಅವನ ಅಂಗಡಿಗಿ ಬೋರ್ಡಿಲ್ಲ.
ಗ್ವಾಡಿಗಿ ಮಳಿ ಹೊಡದು ಚೈನು, ಬ್ರೇಕ್ ಶೂ,
ಹಾಲಿನ ಪುಡಿ ಡಬ್ಬಿದಾಗ ಬೇರಿಂಗು.
ಒಂದರ ಮ್ಯಾಲೂ ಹೆಸರು ಬರದಿಲ್ಲ.
ಚೀಟಿ ಓದ್ಲಿಲ್ಲ ಆತ. "ಹಳೇದು ತಂದೀರೇನವಾ?"
ನೀಲಾಂಬಿಕಾನ ಸಣ್ಣಾಗಿದ್ದ ಫ್ರಾಕಿನಾಗ ಸುತ್ತಿ ಒಯ್ದಿದ್ದೆ,
ಬಿಚ್ಚಿ ಕೊಟ್ಟೆ.
ಬಾಗಿಲ ಕಡಿ ನೋಡ್ಕೋತ ಪಿಸ್ಟನ್ ಮ್ಯಾಲ ಬೆರಳಾಡಸಿದ,
ಹಲ್ಲು ಬರೋ ಕೂಸಿನ ಒಸಡು ಮುಟ್ಟಿ ನೋಡೋ ಅಜ್ಜಿಹಂಗ.

"ಇದರದ್ದು ಇಲ್ಲ," ಅಂದ. "ಎಲ್ಲೂ ಸಿಗಲ್ಲ.
ಮ್ಯಾಕ್ಸ್ ಗಾಡೀದು ಅದ. ಕೂಡ್ತದ."
ಕಿಕ್ ಶಾಫ್ಟ್?
"ಸಮುರಾಯಿದು. ಕೂಡ್ತದ.
ತುದಿ ಒಂದು ದಾರ ದಪ್ಪ, ಕಾನಸ ಹಿಡೀಬೇಕು."
ಆಯಿಲ್ ಸೀಲ್? ಒಳಗ ಹೋಗಿ ಕೂಗಿದ:
"ನೀರೆತ್ತೋ ಪಂಪಿಂದು. ಅದಕ್ಕೇನು ಗೊತ್ತು, ತಾ ಯಾರದಂತ."

ನಾ ಸುಮ್ಮನ ಕುಂತೆ.
ಹೊಸ ಮಾತಲ್ಲ ನನಗ. ಹನ್ನೊಂದು ವರ್ಷ ಹೊಲಿಗಿ ಮಷಿನ್ ತುಳದೀನಿ,
ಯಾವ ಬಾಬಿನ್ ಯಾವುದಕ್ಕ ಕೂಡ್ತದ, ಯಾವ ಶಟಲ್ ದಾರ ಕಡೀತದ,
ಕರೆಂಟ್ ಹೋದ್ರೂ ಹೇಳ್ತೀನಿ.
ಮತ್ತ ನಾ ಈ ಮನಿಗಿ ಬಂದಿದ್ದೂ ಕೂಡಿಕಿ ಮಾಡ್ಕೊಂಡೇ.
ಬಾಜಾ ಇಲ್ಲ, ಹಂದರ ಇಲ್ಲ. ರಾತ್ರಿ ಹತ್ತಕ್ಕ
ಬಳಿ ತೊಡಸಿ ನಾಕು ಮಂದಿ ಒಳಗ ಕರಕೊಂಡ್ರು.
ಗ್ವಾಡಿ ಮ್ಯಾಲ ಮೊದಲ್ನಾಕಿ ಫೋಟೋ,
ಅಡಗಿ ಮನ್ಯಾಗ ಆಕಿ ಕೈಯಾಗ ಸವದ ಲಟ್ಟಣಿಗಿ.
ನೀಲಾಂಬಿಕಾ ಆರು ತಿಂಗಳು ನನಗ ಏನಂತಲೂ ಕರೀಲಿಲ್ಲ.
"ನೀರು ಕಾದವು" ಅಂತಿತ್ತು, ಬಾಗಿಲಿಗಿ ಹೇಳಿದಂಗ.
ಒಂದಿನ ಜಡಿ ಹಾಕೋವಾಗ ಮೆಲ್ಲಕ:
"ಅವ್ವ ಎಡಕ್ಕ ಬೈತಲಿ ತಗೀತಿದ್ಲು."
ತಗದೆ, ಎಡಕ್ಕ.

"ಒರಿಜಿನಲ್ಲೇ ಬೇಕಂದಾರ್ರಿ," ಅಂದೆ.
ಮಶಾಕಸಾಬ ಚಹಾ ತರಿಸಿದ. ಕಪ್ಪೊಂದು ನಮೂನಿ, ಬಸಿಯೊಂದು ನಮೂನಿ.
"ಫ್ಯಾಕ್ಟರಿಯಿಂದ ಹೊರಗ ಬಿದ್ದ ದಿನ
ಒಂದೇ ದಿನ ನೋಡವಾ ಒರಿಜಿನಲ್.
ಮರುದಿನ ಪಂಚರ್. ಆಮ್ಯಾಲಿಂದೆಲ್ಲ ದುರಸ್ತಿ."
ಸ್ವಲ್ಪ ತಡದು:
"ಕೂಡ್ಲಿಲ್ಲಂದ್ರ ವಾಪಸ್ ತರ್ರಿ. ಕೂಡದ್ದೂ ಇರ್ತಾವ,
ಸುಳ್ಳು ಯಾಕ ಹೇಳ್ಲಿ."

ರಾತ್ರಿ ಅಣವೀರ ಲೈಟಿನ ತೆಳಗ ಹಿಡದು ನೋಡ್ದ,
ಮೂಸಿ ನೋಡ್ದ, ಚೀಟಿ ನೋಡ್ದ. ನನ್ನ ನೋಡ್ಲಿಲ್ಲ.
ಆಮ್ಯಾಲ ಭಾಳ ಹೊತ್ತಿನ ತನಕ ಕಾನಸದ ಸಪ್ಪಳ.
ನೀಲಾಂಬಿಕಾ ಟಾರ್ಚ್ ಹಿಡಕೊಂಡು
ತೂಕಡಸಿದಾಗೆಲ್ಲ ಬೆಳಕು ಗ್ವಾಡಿ ಹತ್ತತಿತ್ತು.

ಮುಂಜಾನಿ ಎಂಟನೇ ಕಿಕ್ಕಿಗಿ ಕೆಮ್ಮಿತು,
ಒಂಬತ್ತಕ್ಕ ಸುಮ್ಮನಾಯ್ತು.
ಮುಂದ ಎಣಸಲಿಲ್ಲ. ಓಣಿ ತುಂಬ ನೀಲಿ ಹೊಗಿ,
ಎದುರು ಮನಿ ಮುದುಕಿ ಬೈಗಳು.
"ಸಪ್ಪಳ ಮೊದಲಿನಂಗಿಲ್ಲ," ಅಂದ ಅಣವೀರ.
ಇರಲಿ ಅನ್ಲಿಲ್ಲ. ಬ್ಯಾಡಂತೂ ಅನ್ಲಿಲ್ಲ.
ಸೀಟು ಒರಸಿದ.

ಟಾಕಿ ಮ್ಯಾಲ ನೀಲಾಂಬಿಕಾ, ಹಿಂದ ನಾನು.
ಕಾಲಿಟ್ಟ ಫುಟ್‌ರೆಸ್ಟ್ ಯಾವ ಗಾಡೀದೋ,
ಆಕಿ ಇದ್ದಾಗೇ ಬದಲಿ ಹಾಕಿದ್ದಂತ.
ತುಸು ತೆಳಗ ಬಾಗ್ಯಾದ.
ಆಕಿ ಭಾರಕ್ಕೋ, ನನ್ನ ಭಾರಕ್ಕೋ.