ಚಿಲ್ಲರೆ ಎಲ್ಲಿ?

ಬ್ಯಾಟರಾಯನಪುರದ ಗಾರ್ಮೆಂಟ್ಸು, ಮೂರನೇ ಮಹಡಿ.
ಊಟಕ್ಕೆ ಅರ್ಧ ಗಂಟೆ.
ಕೈ ತೊಳೆಯುವ ಸಾಲಿಗೆ ಎಂಟು ನಿಮಿಷ ಹೋದರೆ
ಮಿಕ್ಕಿದ್ದು ನಮ್ಮದು.
ಗಾಜು ಒಡೆದ ನನ್ನ ಫೋನನ್ನು
ನೀರಿನ ಬಾಟಲಿಗೆ ಒರಗಿಸಿದರೆ
ಅದೇ ಬೆಳ್ಳಿ ಪರದೆ.

ಒಬ್ಬೊಬ್ಬರಿಗೆ ಒಂದೊಂದೇ. ಇದು ಕಾನೂನು.

ಮುಬೀನಾಗೆ, ಯಾವುದೋ ದೇಶದವನೊಬ್ಬ
ಕೊಳಕು ಜಮಖಾನ ತೊಳೆಯುವುದು ಬೇಕು.
ಕಪ್ಪು ನೀರು ಹರಿದು ಹರಿದು
ಕೆಂಪು ಹೂವೊಂದು ತಲೆಯೆತ್ತುವವರೆಗೆ
ಬಾಯಲ್ಲಿನ ತುತ್ತು ನುಂಗುವುದಿಲ್ಲ.
‘ನೋಡ್ರೇ, ಒಳಗೇ ಇತ್ತು’ ಅನ್ನುತ್ತಾಳೆ ದಿನಾ,
ತಾನೇ ತಿಕ್ಕಿ ತೆಗೆದವಳಂತೆ.

ರೆಜಿನಾಗೆ ಲಿಂಗರಾಜಪುರದ ಕ್ರಿಸ್‌ಮಸ್ ನಾಟಕ,
ತೊಂಬತ್ತಾರರದ್ದು, ಯಾರದೋ ಸೋದರಮಾವ ಹಾಕಿದ್ದು.
ಎರಡನೇ ನಿಮಿಷದಲ್ಲಿ ಕುರಿಯ ವೇಷ ತೊಟ್ಟು
ಮೂಗು ಒರೆಸಿಕೊಳ್ಳುವವಳು ಅವಳೇ.
ಅಲ್ಲೇ ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸುತ್ತೇವೆ.
ಕುರಿ ಚೌಕ ಚೌಕವಾಗಿ ಒಡೆದುಹೋಗುತ್ತದೆ.

ನನ್ನದು ಹೇಳಲು ನಾಚಿಕೆ:
ಭಾನುವಾರದ ಟಿವಿಯಲ್ಲಿ ಬರುತ್ತಿದ್ದ ಕೊಡೆಯ ಜಾಹೀರಾತು.
ಆ ಕೊಡೆ ಹುಡುಗನನ್ನೇ ಮದುವೆಯಾಗುತ್ತೇನೆಂದು
ಅಮ್ಮನಿಂದ ಸೌಟಿನ ಪೆಟ್ಟು ತಿಂದಿದ್ದೇನೆ.

ದಾರ ಕತ್ತರಿಸುವ ಮುನಿಲಕ್ಷ್ಮಮ್ಮ ಮಾತ್ರ
ತನ್ನ ಸರದಿಯನ್ನು ಉಪ್ಪಿನಕಾಯಿಯ ಹಾಗೆ
ಯಾರದಾದರೂ ತಟ್ಟೆಗೆ ಹಾಕಿಬಿಡುತ್ತಿದ್ದಳು.
ಒಂದು ಗುರುವಾರ, ಇದ್ದಕ್ಕಿದ್ದಂತೆ:
‘ಒಂದು ಹಾಡೈತೆ. ಪದ ಗೊತ್ತಿಲ್ಲ.’
ಗುನುಗಿದಳು.
ಫೋನು ಗಿರಗಿರ ಸುತ್ತಿ, ಗೊತ್ತಿಲ್ಲ ಅಂದಿತು.
ಮತ್ತೆ ಗುನುಗಿದ್ದಕ್ಕೆ
ಪಂಜಾಬಿನ ಮದುವೆಯೊಂದನ್ನು ತೋರಿಸಿತು.

‘ಯಾವ ಪಿಚ್ಚರ್ರು? ಹೀರೋ ಯಾರು?’
‘ನೋಡಿಲ್ಲ ಕಣ್ರವ್ವ.’

ಕಾಟನ್‌ಪೇಟೆಯ ಸಂದಿ. ಒಂದೇ ಕೋಣೆಯ ಮನೆ.
ಅದರ ನಾಲ್ಕನೇ ಗೋಡೆ ಟಾಕೀಸಿನದು,
ಆಚೆ ಮಗ್ಗುಲಿಗೆ ಪರದೆ.
ದಿನಕ್ಕೆ ನಾಲ್ಕು ಆಟ.
ಒಗ್ಗರಣೆ ಹಾಕುವಾಗ ವಿಲನ್ನು ನಗುತ್ತಿದ್ದ,
ತಂಗಿಗೆ ಜಡೆ ಹೆಣೆಯುವಾಗ ಕೋರ್ಟಿನಲ್ಲಿ ತೀರ್ಪು.
ನೂರು ದಿನ ಓಡಿದ ಸಿನಿಮಾದಲ್ಲಿ
ನಾನೂರು ಸಲ ಸತ್ತಳು ಅದೇ ತಾಯಿ.
ಒಳಗೆ ಹೋಗಲು ಕಾಸಿರಲಿಲ್ಲ,
ಗೋಡೆಗೆ ಟಿಕೆಟ್ಟಿರಲಿಲ್ಲ.
ನಾಯಕಿಗೆ ತಾನೇ ಒಂದು ಮುಖ ಕೊಟ್ಟಿದ್ದಳು,
ಹೂ ಕಟ್ಟುವ ಪಾಪಮ್ಮನ ಮಗಳದು.

ಹದಿನಾಲ್ಕು ಊಟ ಹುಡುಕಿದೆವು.
ಮುಬೀನಾಳ ಮಾವ ಒಂದು ಕಾಲಕ್ಕೆ
ಗೋರಿಪಾಳ್ಯದಲ್ಲಿ ಕ್ಯಾಸೆಟ್ಟು ಮಾರಿದವರು.
ಗುನುಗಿದ್ದನ್ನೇ ಹಿಡಿದು ಕಳಿಸಿದೆವು.
ಅನ್ನ ಕಲೆಸುವಷ್ಟರಲ್ಲಿ ಬಂತು ಲಿಂಕು,
ಜೊತೆಗೊಂದು ಬೈಗುಳ: ಇದೂ ಗೊತ್ತಿಲ್ವಾ ನಿಮಗೆ?

ಹಾಡು ಶುರುವಾಯಿತು.
ಮುನಿಲಕ್ಷ್ಮಮ್ಮ ಫೋನನ್ನು ಬೋರಲು ಹಾಕಿದಳು.
‘ಮುಖ ಬ್ಯಾಡ.’
ಮೇಜಿಗೆ ಕಿವಿಯಿಟ್ಟಳು,
ಜ್ವರದ ಮಗುವಿನ ಎದೆಗೆ ಇಡುವ ಹಾಗೆ.
ಪಲ್ಲವಿ ಮುಗಿಯಿತು. ಒಂದು ಚರಣ. ಕೊಳಲು.
ಎರಡನೆಯದು ಮುಗಿಯುತ್ತಲೇ ತಲೆಯೆತ್ತಿದಳು,
ಯಾರೋ ಸರ ಕಿತ್ತವರಂತೆ.

‘ಚಿಲ್ಲರೆ ಎಲ್ಲಿ?’

‘ಇಲ್ಲಿ ಎಸೀತಿದ್ರು. ಪರದೆ ಕಡೆಗೆ.
ನಮ್ ಗೋಡೆಗೇ ಬಡ್ಯೋದು.
ಐದು ಪೈಸೆ, ಹತ್ತು ಪೈಸೆ, ನಾಕಾಣೆ,
ಸದ್ದಲ್ಲೇ ಗೊತ್ತಾಗೋದು ನಂಗೆ.
ನಾಕಾಣೆ ಬಿದ್ರೆ ಅಪ್ಪ ಅನ್ನೋನು:
ಲೇ, ಇವತ್ತು ಯಾರಿಗೋ ಸಂಬಳ ಆಗೈತೆ.’

ಟಾಕೀಸು ಈಗಿಲ್ಲ. ಗೋಡೆಯೂ ಇಲ್ಲ.
ಅಲ್ಲಿ ಏನಿದೆಯೋ, ಅವಳು ಆ ಕಡೆಯ ಬಸ್ಸು ಹತ್ತುವುದಿಲ್ಲ.

ಮಾರನೆಯ ದಿನ ರೆಜಿನಾ ಸ್ಟೀಲ್ ಡಬ್ಬಿಯಲ್ಲಿ
ವಜಾ ಆದ ಗುಂಡಿಗಳನ್ನು ತುಂಬಿಕೊಂಡು ಬಂದಳು.
ಯಾವುದೋ ಪರದೇಶದ ಜೀನ್ಸಿನ ತಾಮ್ರದ ಗುಂಡಿ,
ಅಳತೆ ತಪ್ಪಿದ್ದು, ಕಂಕಿ ಮುರಿದದ್ದು.
ಫೋನು ಬೋರಲು. ಊಟ ಮುಚ್ಚಿಟ್ಟೇ ಇದೆ.
ಸೂಪರ್‌ವೈಸರ್ ಬಾಗಿಲಲ್ಲಿ ಗಡಿಯಾರ ನೋಡುತ್ತಿದ್ದಾನೆ.
ಎರಡನೇ ಚರಣದ ಕೊನೆಗೆ ರೆಜಿನಾ ಡಬ್ಬಿ ಎತ್ತಿದಳು.

ಕಣ್ಣು ಮುಚ್ಚಿಕೊಂಡೇ ಮುನಿಲಕ್ಷ್ಮಮ್ಮ
ಅವಳ ಮಣಿಕಟ್ಟು ಹಿಡಿದಳು:
‘ತಾಳೇ.
ಮೊದ್ಲು ಅವಳು ಉಸಿರು ತಗೋತಾಳೆ.’